ಕಾರಿನೊಳಗಿನ ಹೆಂಗಸು

ಹಾಸಿಗೆ ಆರು ಸಾವಿರ ಡಾಲರು,
ಕಾಲು ಅದಕ್ಕಿಂತ ಗೇಣುದ್ದ ಹೆಚ್ಚು.
ರಿವರ್‌ಟನ್ನಿನಿಂದ ಲೋರ್ನ್‌ವಿಲ್ಲಿನ ಮಾಂಸದ ಕಾರ್ಖಾನೆಗೆ
ಬೆಳಗಿನ ಐದಕ್ಕೆ, ರಸ್ತೆ ಮೇಲೆ ಕಣ್ಣಿಗೆ ಬೀಳದ ಮಂಜುಗಡ್ಡೆ,
ಹೋಗುವಷ್ಟೇ ಬರುವುದು.
ತಿಂಗಳಿಗೊಂದು ಭಾನುವಾರ ಟೆರೆಟೊಂಗಾದ ಟ್ರ್ಯಾಕು,
ಅಲ್ಲಿ ಹೋಗುವುದೂ ಇಲ್ಲ ಬರುವುದೂ ಇಲ್ಲ, ಬರೀ ಸುತ್ತುವುದು.
ಎತ್ತು ಏರಿಗೆಳೆಯುತ್ತದೆ, ಕೋಣ ನೀರಿಗೆ.
ಎರಡನ್ನೂ ಒಂದೇ ಚರ್ಮದೊಳಗೆ ಹುಡುಕುತ್ತಿದ್ದೆ ನಾನು,
ಐಲ್ಸಾ ಮೆಕರ್ಚರ್, ವಯಸ್ಸು ನಲವತ್ತಮೂರು,
ಕುರಿಯ ಈಲಿ ಮುಟ್ಟಿ ರೋಗ ಹೇಳುವುದು ಕೆಲಸ.

ಮೊದಲು ನೋಡಿದ್ದು ನೀಲಿ ಸುಬಾರು.
ನಾನು ಹೋಗುವ ಮುಂಚೆಯೇ ಹುಡುಗ ಎಂಜಿನ್ ಬಿಸಿ ಮಾಡಿಟ್ಟಿದ್ದ.
ನೆಂಟರು ಬರುತ್ತಾರೆಂದು ಮುಖ ತೊಳೆಸಿ ನಿಲ್ಲಿಸಿದ ಮಗುವಿನ ಹಾಗೆ
ಅದು ನಗುತ್ತಿತ್ತು. ಬಾನೆಟ್ಟಿನ ಮೇಲೆ ಕೈಯಿಟ್ಟು
ತಣ್ಣಗಾದ ಮೇಲೆ ಬರುತ್ತೇನೆ ಎಂದೆ.
ಆಮೇಲೆ ಅವನು ಫೋನೆತ್ತಲಿಲ್ಲ.

ಬೂದು ಬಣ್ಣದ ಹಳೆಯ ಬಿಎಂಡಬ್ಲ್ಯೂ:
ಕುದುರೆ ಅಗ್ಗ, ಲಾಳ ಬಂಗಾರದ್ದು.

ಎರಡೇ ಸೀಟಿನ ಮಾಜ್ದಾಕ್ಕೆ ಮನಸ್ಸು ಜಾರಿಯೇ ಬಿಟ್ಟಿತ್ತು.
ಆದರೆ ನನ್ನ ನಾಯಿ ಮಾಸ್ ಪಕ್ಕದಲ್ಲಿ ಕೂತರೆ
ಟ್ರ್ಯಾಕಿನ ನಾಲ್ಕು ಟೈರು ಎಲ್ಲಿ ಕೂರಬೇಕು?
ಆದರೂ ಬಟ್ಟೆ ಸುತ್ತಿದ ಅಯಸ್ಕಾಂತವನ್ನು
ಬಾಗಿಲ ಕೆಳಗಿನ ಅಂಚಿನುದ್ದಕ್ಕೂ ಓಡಿಸಿದೆ.
ಒಂದು ಕಡೆ ಅದು ಹಿಡಿಯಲಿಲ್ಲ, ಜಾರಿ ಬಿತ್ತು.
ಬಣ್ಣದ ಕೆಳಗೆ ಕಬ್ಬಿಣವಿರಲಿಲ್ಲ, ಪುಟ್ಟಿ.
ಈಲಿಯೂ ಹೀಗೆಯೇ: ಮೇಲೆ ಹೊಳಪು,
ಬೆರಳೊತ್ತಿದರೆ ಗೊತ್ತು.

ಕೊನೆಗೆ ಬ್ಲಫ್‌ನಿಂದ ಟಮಾಟಿಯ ಫೋನು.
"ಸುಜುಕಿ ಸ್ವಿಫ್ಟ್ ಸ್ಪೋರ್ಟ್ ಒಂದಿದೆ, ಹಳದಿ, ನೋಡಿ ನಗಬೇಡ.
ಜಪಾನಿನಿಂದ ಹಡಗಲ್ಲಿ ಬಂದದ್ದು.
ಮೂರು ದಿನದಿಂದ ಕೆಳಗೆ ಮಲಗಿ ಹುಡುಕುತ್ತಿದ್ದೇನೆ,
ಬೈಯೋಣ ಅಂದರೆ ಏನೂ ಸಿಗುತ್ತಿಲ್ಲ."
ಮೆಕ್ಯಾನಿಕ್ಕಿಗೆ ಬೇಜಾರು ತರಿಸಿದ ಕಾರೇ ಕೊಳ್ಳಬೇಕಾದ ಕಾರು.
ನಾಲ್ಕೂವರೆ ಸಾವಿರ ಎಣಿಸಿದೆ. ಮಿಕ್ಕಿದ್ದರಲ್ಲಿ
ಬ್ರೇಕ್ ಪ್ಯಾಡು, ಬೇಗ ಕುದಿಯದ ಬ್ರೇಕ್ ಆಯಿಲ್ಲು, ಒಳ್ಳೆಯ ಟೈರು.
ಓಡುವುದಕ್ಕೆ ಕಾಸು ಹಾಕಲಿಲ್ಲ,
ನಿಲ್ಲುವುದಕ್ಕೆ ಹಾಕಿದೆ.

ಕೀಲಿ ತಿರುಗಿಸಿದಾಗಲೆಲ್ಲ ಡ್ಯಾಶ್‌ಬೋರ್ಡಿನೊಳಗಿಂದ
ಒಬ್ಬ ಹೆಂಗಸು ಜಪಾನಿಯಲ್ಲಿ ಏನೋ ಹೇಳುತ್ತಿದ್ದಳು.
ಒಂದೇ ವಾಕ್ಯ, ತೊಳೆದಿಟ್ಟ ಪಿಂಗಾಣಿಯಂಥ ದನಿ.
ಐದರ ಕತ್ತಲಲ್ಲಿ ಅದು, ನಿಧಾನ ಕಣೇ, ಎಂದಂತೆ.
ಪಿಟ್ಟಿನಿಂದ ಹೊರಡುವಾಗ, ಹೋಗಿ ಬಾ, ಎಂದಂತೆ.
ನಾನೂ ಮಾತಿಗಿಳಿದೆ. ಬಿಟ್ಟುಹೋದ ಗ್ರೇಮಿನ ಕಥೆ,
ಮೊಣಕಾಲಿನ ನೋವು, ಆ ದಿನ ತಿರಸ್ಕರಿಸಿದ ಈಲಿಗಳ ಲೆಕ್ಕ.

ದಕ್ಷಿಣ ಸಮುದ್ರದ ಗಾಳಿ ಕಾರನ್ನೇ ಪಕ್ಕಕ್ಕೆ ನೂಕುವ ಭಾನುವಾರ
ದೊಡ್ಡ ಎಂಜಿನ್ನಿನವರು ನೇರದಲ್ಲಿ ನನ್ನ ದಾಟಿ ಹೋದರು,
ತಿರುವಿನಲ್ಲಿ ಅವರ ಬೆನ್ನು ಮತ್ತೆ ಸಿಕ್ಕಿತು.
ಮಧ್ಯಾಹ್ನ ಅವರಲ್ಲಿಬ್ಬರು ಟ್ರೈಲರ್ ಮೇಲೆ ಮನೆಗೆ ಹೋದರು.
ನಾನು ಟೈರು ಬದಲಿಸಿ, ದಾರಿಯಲ್ಲಿ ಹಾಲು ಬ್ರೆಡ್ಡು ಕೊಂಡು,
ಹೋದ ಕಾರಿನಲ್ಲೇ ಬಂದೆ.

ಸೋಮವಾರ ಪ್ಯಾಕಿಂಗಿನ ಚಿಹಾರುವನ್ನು ಹತ್ತಿಸಿಕೊಂಡೆ,
ಅವಳ ಕಾರು ಆ ಚಳಿಗೆ ಎದ್ದಿರಲಿಲ್ಲ.
ಕೀಲಿ ತಿರುಗಿಸಿದೆ. ಹೆಂಗಸು ಹೇಳಿದಳು. ಚಿಹಾರು ನಕ್ಕಳು.
ಏನಂತೆ, ಕೇಳಿದೆ, ಯಾಕೋ ಸ್ವಲ್ಪ ಹೆದರಿ.
"ಟೋಲ್ ಕಾರ್ಡು ಹಾಕಿಲ್ಲ, ಅಂತಾಳೆ."

ಟೋಲ್!
ಈ ದಾರಿಯಲ್ಲಿ ಕುರಿಗಳ ಗೇಟು ಬಿಟ್ಟರೆ ಬೇರೆ ಗೇಟಿಲ್ಲ.
ಐದು ತಿಂಗಳು ಸುಂಕದವಳ ಮುಂದೆ
ಸುಖದುಃಖ ಹೇಳಿಕೊಂಡಿದ್ದೆ.

ತಂತಿ ಕಿತ್ತರಾಯಿತು, ಐದು ನಿಮಿಷದ ಕೆಲಸ, ಎಂದ ಟಮಾಟಿ.
ಬೇಡ ಎಂದೆ.
ಇಷ್ಟು ಕತ್ತಲಲ್ಲಿ ಇಷ್ಟು ಮರ್ಯಾದೆಯಿಂದ
ನನ್ನನ್ನು ಇನ್ನಾರೂ ಏನೂ ಕೇಳುವುದಿಲ್ಲ.
ಹೌದಮ್ಮ, ಹಾಕಿಲ್ಲ, ಎನ್ನುತ್ತೇನೆ,
ಮೊದಲ ಗೇರು ಹಾಕುತ್ತೇನೆ.